ಚುಕ್ಕೆ ಒಂದು ಕಡೆ, ಮನುಷ್ಯ ಇನ್ನೊಂದು ಕಡೆ: ಕಟ್ಟಡ ಕಾಮಗಾರಿಯ ಸ್ಥಳಪತ್ತೆ ವ್ಯವಸ್ಥೆಯಲ್ಲಿ ದೋಷ ಹುಡುಕುವ ಬಗೆ

ಮೂರನೆಯ ಅಂತಸ್ತಿನಲ್ಲಿ ಸರಳು ಕಟ್ಟುತ್ತಿರುವ ಕಾರ್ಮಿಕರ ಚುಕ್ಕೆ ಪರದೆಯ ಮೇಲೆ ಕಟ್ಟಡದ ಹೊರಗೆ, ಬುನಾದಿ ಗುಂಡಿಯ ಅಂಚಿನಲ್ಲಿ ಕಾಣಿಸುತ್ತದೆ. ಎಕ್ಸ್‌ಕವೇಟರಿನ ಸುತ್ತ ಯಾರೂ ಇಲ್ಲದಿರುವಾಗ ಎಚ್ಚರಿಕೆಯ ಸೈರನ್ ಕೂಗುತ್ತದೆ. ನಾಲ್ಕು ದಿನ ಹೀಗೆ ಸುಮ್ಮಸುಮ್ಮನೆ ಕೂಗಿದರೆ ಚಾಲಕರು ಬೇಸತ್ತು ಸೈರನ್ನಿನ ತಂತಿ ಕಿತ್ತಿಡುತ್ತಾರೆ. ಐದನೆಯ ದಿನ ಯಂತ್ರದ ಹಿಂದೆ ನಿಜವಾಗಿಯೂ ಯಾರೋ ನಿಂತಿರಬಹುದು. ಆದ್ದರಿಂದ ಕಾರ್ಮಿಕರೂ ಯಂತ್ರಗಳೂ ಎಲ್ಲಿವೆಯೆಂದು ಪರದೆಯ ಮೇಲೆ ಚುಕ್ಕೆಯಾಗಿ ತೋರಿಸಿ, ಅಪಾಯವಿದ್ದಾಗ ಎಚ್ಚರಿಸುವ ಈ ವ್ಯವಸ್ಥೆಯ ದೋಷವನ್ನು ಕಂಪ್ಯೂಟರಿನ ಸಣ್ಣ ಕಿರಿಕಿರಿಯೆಂದು ಬದಿಗಿಡಲು ಬರುವುದಿಲ್ಲ. ಕಲಬುರಗಿಯ ರಿಂಗ್ ರಸ್ತೆಯಾಚೆಯ ಎರೆಭೂಮಿಯಲ್ಲಿ ಏಳುತ್ತಿರುವ ಕಟ್ಟಡಗಳ ಕಾಮಗಾರಿಯಲ್ಲಿ ಇಂಥ ವ್ಯವಸ್ಥೆಯನ್ನು ಅಳವಡಿಸಿ, ಕೆಟ್ಟಾಗ ಸರಿಪಡಿಸಿದ ಅನುಭವದಿಂದ ಈ ಕೈಪಿಡಿಯನ್ನು ಬರೆದಿದ್ದೇನೆ. ಇದು ಸೈಟ್ ಎಂಜಿನಿಯರುಗಳಿಗೆ ಮತ್ತು ವ್ಯವಸ್ಥೆಯನ್ನು ನೋಡಿಕೊಳ್ಳುವ ತಂತ್ರಜ್ಞರಿಗೆ ಉಪಯೋಗವಾಗಲಿ ಎಂಬುದು ನನ್ನ ಆಸೆ.

ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಅಲ್ಟ್ರಾ ವೈಡ್‌ಬ್ಯಾಂಡ್ ರೇಡಿಯೊ ಬಳಸುವ ವ್ಯವಸ್ಥೆಯ ಬಗ್ಗೆ. ಹೆಲ್ಮೆಟ್ಟಿಗೋ ಯಂತ್ರಕ್ಕೋ ಅಂಟಿಸಿದ ಟ್ಯಾಗು ಅತಿ ಕಿರಿದಾದ ರೇಡಿಯೊ ಮಿಡಿತಗಳನ್ನು ಕಳುಹಿಸುತ್ತದೆ. ಕಂಬ, ಗೋಡೆಗಳ ಮೇಲೆ ನಿಲ್ಲಿಸಿದ ಆ್ಯಂಕರುಗಳು ಆ ಮಿಡಿತ ಬಂದ ಗಳಿಗೆಯನ್ನು ಗುರುತಿಸುತ್ತವೆ. ಸರ್ವರು ಆ ಗಳಿಗೆಗಳಿಂದ ದೂರವನ್ನು ಲೆಕ್ಕ ಹಾಕಿ ಚುಕ್ಕೆಯನ್ನು ಇಡುತ್ತದೆ. ರೇಡಿಯೊ ಅಲೆ 1 ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುತ್ತದೆಂಬ ಒಂದು ಅಂಕಿಯನ್ನು ನೆನಪಿಟ್ಟುಕೊಂಡರೆ ಮುಂದಿನ ಬಹುಪಾಲು ವಿಷಯ ತಾನಾಗಿಯೇ ಅರ್ಥವಾಗುತ್ತದೆ. ಪರದೆಯ ಮೇಲಿನ ಚುಕ್ಕೆ ಕಣ್ಣಾರೆ ಕಂಡ ಸಂಗತಿಯಲ್ಲ, ಹಲವು ಗಡಿಯಾರಗಳ ಮತ್ತು ಹಲವು ಅಳತೆಗಳ ಮೇಲೆ ನಿಂತ ಲೆಕ್ಕ. ಚುಕ್ಕೆ ತಪ್ಪಿದೆಯೆಂದರೆ ಆ ಲೆಕ್ಕಕ್ಕೆ ಹೋದ ಯಾವುದೋ ಒಂದು ಅಂಕಿ ತಪ್ಪಿದೆ. ಅದು ಯಾವುದೆಂದು ತಿಳಿಯುವ ಮೊದಲೇ ಟ್ಯಾಗು ಬದಲಿಸುವುದು, ಸಾಫ್ಟ್‌ವೇರ್ ಮರುಸ್ಥಾಪಿಸುವುದು ಇತ್ಯಾದಿಗಳಿಗೆ ಕೈ ಹಾಕಬಾರದು.

ಮೊದಲ ಪರೀಕ್ಷೆ: ನಿಂತ ಟ್ಯಾಗು

ಓಡಾಡುವ ಮನುಷ್ಯರ ಚುಕ್ಕೆಯನ್ನು ನೋಡಿ ದೋಷ ಪತ್ತೆ ಮಾಡಲಾಗದು. ಒಂದು ಟ್ಯಾಗನ್ನು ತೆಗೆದುಕೊಂಡು, ಟೋಟಲ್ ಸ್ಟೇಷನ್ ಎಂಬ ಸರ್ವೆ ಉಪಕರಣದಿಂದ ಗುರುತು ಹಾಕಿರುವ ಬಿಂದುವಿನ ಮೇಲೆ ಮರದ ಅಥವಾ ಪ್ಲಾಸ್ಟಿಕ್ಕಿನ ಕೋಲಿನ ತುದಿಗೆ ಕಟ್ಟಿ, ಹೆಲ್ಮೆಟ್ಟಿನ ಎತ್ತರಕ್ಕೆ ನಿಲ್ಲಿಸಿ 10 ನಿಮಿಷ ಬಿಡಬೇಕು. ಕಬ್ಬಿಣದ ಕೋಲು ಬೇಡ. ಆ 10 ನಿಮಿಷದ ಎಲ್ಲ ಚುಕ್ಕೆಗಳನ್ನು ಸರ್ವರಿನಿಂದ ತೆಗೆದು ಒಂದೇ ನಕ್ಷೆಯ ಮೇಲೆ ಹರಡಿದರೆ, ಆ ಹರಡಿಕೆಯ ಆಕಾರವೇ ಅರ್ಧ ರೋಗವನ್ನು ಹೇಳಿಬಿಡುತ್ತದೆ.

ಚುಕ್ಕೆಗಳೆಲ್ಲ ಒತ್ತಾಗಿ ಒಂದೇ ಕಡೆ ಕೂತಿವೆ, ಆದರೆ ನಿಜವಾದ ಬಿಂದುವಿನಿಂದ ಒಂದು ಮೀಟರ್ ದೂರದಲ್ಲಿ ಕೂತಿವೆ ಎಂದಾದರೆ ರೇಡಿಯೊ ಚೆನ್ನಾಗಿಯೇ ಇದೆ. ತಪ್ಪಿರುವುದು ಆ್ಯಂಕರಿನ ದಾಖಲಾದ ಜಾಗ, ಆಂಟೆನಾ ವಿಳಂಬದ (ಮಿಡಿತ ಉಪಕರಣದೊಳಗಿನ ಸರ್ಕ್ಯೂಟು ಮತ್ತು ಆಂಟೆನಾವನ್ನು ದಾಟಲು ಹಿಡಿಯುವ ಸಮಯದ) ಹೊಂದಾಣಿಕೆ ಅಥವಾ ದಾರಿಗೆ ಖಾಯಂ ಅಡ್ಡ ನಿಂತ ವಸ್ತು. ಚುಕ್ಕೆಗಳು ಒಂದೇ ದಿಕ್ಕಿಗೆ ಉದ್ದವಾಗಿ ಎಳೆದಂತೆ ಹರಡಿದ್ದರೆ ಆ್ಯಂಕರುಗಳ ಜೋಡಣೆ ಕೆಟ್ಟಿದೆ: ಸಾಮಾನ್ಯವಾಗಿ ಅವೆಲ್ಲವೂ ರಸ್ತೆಯ ಬದಿಯಲ್ಲಿ ಸಾಲಾಗಿ ನಿಂತಿರುತ್ತವೆ. ಹಾಗೆ ನೇರ ಸಾಲಿನಲ್ಲಿದ್ದಾಗ ಸಾಲಿನ ಈ ಬದಿ ಯಾವುದು, ಆ ಬದಿ ಯಾವುದು ಎಂದು ಲೆಕ್ಕಕ್ಕೆ ತಿಳಿಯುವುದೇ ಇಲ್ಲ, ಚುಕ್ಕೆ ಕನ್ನಡಿಯೊಳಗಿನ ಪ್ರತಿಬಿಂಬದಂತೆ ಆಚೆ ಬದಿಗೆ ಹಾರುತ್ತದೆ. ಚುಕ್ಕೆಗಳು ಎರಡು ಗುಂಪಾಗಿ ಒಡೆದು, ಒಮ್ಮೆ ಅಲ್ಲಿ ಒಮ್ಮೆ ಇಲ್ಲಿ ಕಾಣಿಸಿದರೆ ಒಂದು ಆ್ಯಂಕರು ಬರುತ್ತ ಹೋಗುತ್ತ ಇದೆ ಅಥವಾ ಅದಕ್ಕೆ ನೇರ ಅಲೆಯ ಬದಲು ತಗಡಿಗೆ ಬಡಿದು ತಿರುಗಿ ಬಂದ ಅಲೆ ಆಗಾಗ ಸಿಗುತ್ತಿದೆ. ಇದಕ್ಕಿಂತ ದೊಡ್ಡ ಸುಳಿವೊಂದಿದೆ: ಒಂದೇ ಟ್ಯಾಗು ತಪ್ಪುತ್ತಿದೆಯೋ, ಎಲ್ಲ ಟ್ಯಾಗುಗಳೂ ಒಟ್ಟಿಗೆ ಒಂದೇ ಕಡೆಗೆ ಸರಿದಿವೆಯೋ ನೋಡಿ. ಎಲ್ಲವೂ ಸರಿದಿದ್ದರೆ ಟ್ಯಾಗುಗಳ ಮೇಲೆ ಕೈಯಿಡುವ ಅಗತ್ಯವೇ ಇಲ್ಲ.

ಅನಂತರ ಆ ನಿಂತ ಟ್ಯಾಗಿನಿಂದ ಪ್ರತಿ ಆ್ಯಂಕರಿಗೆ ಇರುವ ದೂರವನ್ನು ಟೇಪಿನಿಂದಲೋ ಲೇಸರ್ ಮೀಟರಿನಿಂದಲೋ ಅಳೆದು, ವ್ಯವಸ್ಥೆ ಹೇಳುವ ದೂರದ ಪಕ್ಕದಲ್ಲಿ ಬರೆಯಬೇಕು. ದೂರವನ್ನು ನೇರವಾಗಿ ಅಳೆಯದೆ ಆಗಮನದ ಸಮಯಗಳ ಅಂತರವನ್ನು ಮಾತ್ರ ಬಳಸುವ ವ್ಯವಸ್ಥೆಯಾದರೆ, ಎರಡೆರಡು ಆ್ಯಂಕರುಗಳ ದೂರಗಳ ಅಂತರವನ್ನು ಹೋಲಿಸಬೇಕು. ಇಲ್ಲಿ ಒಂದು ನಿಯಮ ಬಹಳ ನೆರವಾಗುತ್ತದೆ. ದಾರಿಯಲ್ಲಿ ಅಡ್ಡಿ ಇದ್ದರೆ ಅಲೆ ತಡವಾಗಿ ಬರುತ್ತದೆಯೇ ಹೊರತು ಬೇಗ ಬರುವುದಿಲ್ಲ, ಆದ್ದರಿಂದ ದೂರ ಯಾವಾಗಲೂ ಹೆಚ್ಚಾಗಿಯೇ ಕಾಣುತ್ತದೆ. ವ್ಯವಸ್ಥೆ ಹೇಳುವ ದೂರ ನಿಜಕ್ಕಿಂತ ಕಡಿಮೆ ಬಂದರೆ ಗೋಡೆಯನ್ನು ದೂಷಿಸಬೇಡಿ. ಆಂಟೆನಾ ವಿಳಂಬವನ್ನು ಪರೀಕ್ಷಿಸಿ. ಆಂಟೆನಾ ವಿಳಂಬದ ತಪ್ಪಾದರೆ 5 ಮೀಟರಿನಲ್ಲೂ 20 ಮೀಟರಿನಲ್ಲೂ ಅಷ್ಟೇ ವ್ಯತ್ಯಾಸ ಬರುತ್ತದೆ.

ನೆಲವೇ ಸರಿದರೆ

ನಮ್ಮ ಭಾಗದಲ್ಲಿ ಆ್ಯಂಕರಿನ ಜಾಗ ತಪ್ಪುವುದಕ್ಕೆ ಬೇರೆಲ್ಲಿಯೂ ಅಷ್ಟಾಗಿ ಕಾಣದ ಕಾರಣವೊಂದಿದೆ, ಅದು ಎರೆಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ಮಣ್ಣು ಮೊದಲ ಮಳೆಗೆ ಉಬ್ಬುತ್ತದೆ. ಮೇ ತಿಂಗಳಲ್ಲಿ ಗಟ್ಟಿಯಾಗಿ ನಿಂತಿದ್ದ 6 ಮೀಟರ್ ಎತ್ತರದ ಪೈಪು ಜೂನ್ ಕೊನೆಗೆ 3 ಡಿಗ್ರಿ ವಾಲಿದರೆ ಅದರ ತುದಿಯಲ್ಲಿರುವ ಆ್ಯಂಕರು 30 ಸೆಂಟಿಮೀಟರಿಗಿಂತ ಹೆಚ್ಚು ಸರಿದಿರುತ್ತದೆ. ಕಣ್ಣಿಗೆ ಅದು ನೆಟ್ಟಗೆ ನಿಂತಂತೆಯೇ ಕಾಣುತ್ತದೆ. ಪೈಪಿನ ಪಕ್ಕ ತೂಕದ ಗುಂಡು ಇಳಿಬಿಟ್ಟು ನೋಡಿದರೆ ಮಾತ್ರ ತಿಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ಹಾಕಿದ ನಿರ್ದೇಶಾಂಕಗಳನ್ನು ಮಳೆ ಶುರುವಾದ ಮೇಲೆ ಮತ್ತೊಮ್ಮೆ ಅಳೆಯದ ಸೈಟಿನಲ್ಲಿ ಒತ್ತಾಗಿ ಕೂತ ತಪ್ಪು ಚುಕ್ಕೆಗಳು ಕಂಡರೆ, ನಾನು ಮೊದಲು ಕಂಬಗಳ ಬುಡಕ್ಕೇ ಹೋಗುತ್ತೇನೆ. ಆಳವಾದ ಬುನಾದಿಯ ಮೇಲೆ ನಿಂತ ಕಾಂಕ್ರೀಟ್ ಕಂಬಕ್ಕೆ ಆ್ಯಂಕರನ್ನು ಸ್ಥಳಾಂತರಿಸುವುದೇ ಇದಕ್ಕೆ ನಿಜವಾದ ಪರಿಹಾರ. ಬೀದರಿನ ಜಂಬಿಟ್ಟಿಗೆ ನೆಲದಲ್ಲಿ ಈ ತೊಂದರೆ ಇಷ್ಟಿಲ್ಲ.

ಇದರ ಜೊತೆಗೇ ಬರುವ ಇನ್ನೊಂದು ತಪ್ಪು ಮನುಷ್ಯರದು. ಸೆಂಟ್ರಿಂಗ್ ಕೆಲಸದವರು ಸಾರುವೆಯನ್ನು ಒಂದು ಅಂತಸ್ತು ಮೇಲಕ್ಕೆ ಏರಿಸುವಾಗ ಅದಕ್ಕೆ ಕಟ್ಟಿದ್ದ ಆ್ಯಂಕರನ್ನು ಬಿಚ್ಚಿ, ಜೋಪಾನವಾಗಿಯೇ ಹತ್ತಿರದ ಇನ್ನೊಂದು ಪೈಪಿಗೆ ಕಟ್ಟಿರುತ್ತಾರೆ. ಅವರಿಗೆ ಅದು ಒಂದು ಡಬ್ಬಿ. ಲೆಕ್ಕಕ್ಕೆ ಅದು ಅಳತೆಯ ಕಲ್ಲು. ಡಬ್ಬಿಯ ಮೇಲೆ ಕೆಂಪು ಬಣ್ಣ ಬಳಿದು, ಮುಟ್ಟಿದರೆ ಹೇಳಿ ಎಂದು ಕನ್ನಡ, ಉರ್ದು, ಹಿಂದಿ ಮೂರರಲ್ಲೂ ಬರೆದು ಅಂಟಿಸುವುದು ಯಾವ ಸಾಫ್ಟ್‌ವೇರಿಗಿಂತಲೂ ಚೆನ್ನಾಗಿ ಕೆಲಸ ಮಾಡುತ್ತದೆ.

ಕಬ್ಬಿಣ, ಹಸಿ ಕಾಂಕ್ರೀಟು

ಕಟ್ಟಡ ದಿನದಿನಕ್ಕೂ ಬದಲಾಗುವ ವಸ್ತು. ಸೋಮವಾರ ಬಯಲಾಗಿದ್ದ ಜಾಗದಲ್ಲಿ ಗುರುವಾರ ಗೋಡೆ ಇರುತ್ತದೆ. 20 ಸೆಂಟಿಮೀಟರ್ ದಪ್ಪದ ಒಣಗಿದ ಕಾಂಕ್ರೀಟ್ ಗೋಡೆಯೊಳಗೆ ಅಲೆ ನಿಧಾನವಾಗಿ ಸಾಗುವುದರಿಂದಲೇ ದೂರಕ್ಕೆ 20ರಿಂದ 30 ಸೆಂಟಿಮೀಟರಿನಷ್ಟು ಸೇರಿಕೊಳ್ಳುತ್ತದೆ. ಆಗ ತಾನೇ ಹಾಕಿ, ಗೋಣಿಚೀಲ ಹೊದಿಸಿ ನೀರುಣಿಸುತ್ತಿರುವ ಕಾಂಕ್ರೀಟು ನೀರಿನಿಂದ ತುಂಬಿರುವುದರಿಂದ ಅಲೆಯನ್ನು ಬಹುಪಾಲು ನುಂಗಿಬಿಡುತ್ತದೆ. ಉಕ್ಕಿನ ಸೆಂಟ್ರಿಂಗ್ ಪ್ಲೇಟಾದರೋ ಅಲೆಯನ್ನು ದಾಟಿಸುವುದೇ ಇಲ್ಲ. ಆ್ಯಂಕರಿಗೆ ಸಿಗುವುದು ಸುತ್ತಿ ಬಳಸಿ ಬಂದ ಪ್ರತಿಫಲನ ಮಾತ್ರ, ಅದರಿಂದ ದೂರ ಹಲವು ಮೀಟರುಗಳಷ್ಟು ಹೆಚ್ಚಬಹುದು.

ಇದನ್ನು ಖಚಿತಪಡಿಸಲು ಸರ್ವರಿನ ವಿವರ ದಾಖಲೆಯಲ್ಲಿ ಮೊದಲು ತಲುಪಿದ ಅಲೆಯ ಬಲವನ್ನೂ ಒಟ್ಟು ಸಿಕ್ಕ ಬಲವನ್ನೂ ಹೋಲಿಸಿ ನೋಡಬೇಕು. ಬಳಕೆಯಲ್ಲಿರುವ ಅನೇಕ ರೇಡಿಯೊ ಚಿಪ್‌ಗಳು ಈ ಎರಡೂ ಅಂಕಿಗಳನ್ನು ಕೊಡುತ್ತವೆ. ವ್ಯತ್ಯಾಸ 6 ಡೆಸಿಬೆಲ್‌ಗಿಂತ ಕಡಿಮೆಯಿದ್ದರೆ ದಾರಿ ಬಹುತೇಕ ನೇರವಾಗಿದೆ; 10 ಡೆಸಿಬೆಲ್ ಮೀರಿದರೆ ನಡುವೆ ಏನೋ ನಿಂತಿದೆ. ಇದು ಅಂದಾಜಿನ ಗೆರೆ, ಶಾಸನವಲ್ಲ. ಪರಿಹಾರವೆಂದು ಆ್ಯಂಕರಿನ ಬಲವನ್ನು ಹೆಚ್ಚಿಸಲು ಹೋಗುವವರಿದ್ದಾರೆ, ಅದರಿಂದ ಪ್ರತಿಫಲನದ ಬಲವೂ ಹೆಚ್ಚುತ್ತದೆಯೇ ವಿನಾ ನೇರ ದಾರಿ ತೆರೆಯುವುದಿಲ್ಲ. ಪ್ರತಿ ಕೋಣೆಯ ಮೂಲೆಗೂ ಕನಿಷ್ಠ 4 ಆ್ಯಂಕರುಗಳು ಕಾಣುವಂತೆ ಅವುಗಳನ್ನು ಕಟ್ಟಡದೊಂದಿಗೆ ಮೇಲೇರಿಸುತ್ತ ಹೋಗುವುದೇ ದಾರಿ.

ಸ್ಲ್ಯಾಬ್ ಹಾಕುವ ಹಿಂದಿನ ದಿನವೇ ಇಡೀ ಸೈಟಿನ ಚುಕ್ಕೆಗಳು ಹುಚ್ಚೆದ್ದು ನೂರಾರು ಮೀಟರ್ ಆಚೆಗೆ ಹಾರಿದರೆ ಮಾತ್ರ ಅದು ಈ ಬಗೆಯ ವಿಳಂಬವಲ್ಲ. ಆಗಮನದ ಸಮಯಗಳ ಅಂತರವನ್ನು ಬಳಸುವ ವ್ಯವಸ್ಥೆಯಲ್ಲಿ ಆ್ಯಂಕರುಗಳ ಗಡಿಯಾರಗಳೆಲ್ಲ ಒಂದಕ್ಕೊಂದು ಕೂಡಿ ನಡೆಯಬೇಕು, ಅದಕ್ಕಾಗಿ ಒಂದು ಮುಖ್ಯ ಆ್ಯಂಕರು ಉಳಿದವಕ್ಕೆ ಕ್ಷಣಕ್ಷಣಕ್ಕೂ ಸಮಯ ಸಾರುತ್ತಿರುತ್ತದೆ. ಆ ಮುಖ್ಯ ಆ್ಯಂಕರಿನ ಎದುರಿಗೇ ಉಕ್ಕಿನ ಪ್ಲೇಟು ನಿಲ್ಲಿಸಿದರೆ ಸಮಯ ಸಾರುವುದು ನಿಲ್ಲುತ್ತದೆ. ಗಡಿಯಾರವೊಂದು ಹತ್ತು ಲಕ್ಷಕ್ಕೆ ಒಂದೇ ಒಂದು ಭಾಗ ತಪ್ಪಿ ನಡೆದರೂ ಒಂದು ಸೆಕೆಂಡಿನಲ್ಲಿ 1 ಮೈಕ್ರೊಸೆಕೆಂಡ್, ಅಂದರೆ 300 ಮೀಟರ್ ದೋಷವಾಯಿತು. ಸಮಯ ಹೊಂದಾಣಿಕೆಯ ದಾಖಲೆಯಲ್ಲಿ ಯಾವ ಆ್ಯಂಕರು ಯಾವ ಗಳಿಗೆಯಿಂದ ಮೌನವಾಗಿದೆಯೆಂದು ನೋಡಿ, ಆ ಗಳಿಗೆಗೆ ಸೈಟಿನಲ್ಲಿ ಯಾವ ಕೆಲಸ ನಡೆದಿತ್ತೆಂದು ಮೇಸ್ತ್ರಿಯವರನ್ನು ಕೇಳಿದರೆ ಉತ್ತರ ಬಹುಪಾಲು ಅಲ್ಲಿಯೇ ಸಿಗುತ್ತದೆ.

ಮಧ್ಯಾಹ್ನದ ಹೊತ್ತು ಅಂತಸ್ತು ಏರುವ ಮನುಷ್ಯರು

ಕೆಲವು ವ್ಯವಸ್ಥೆಗಳಲ್ಲಿ ಅಂತಸ್ತನ್ನು ನಿರ್ಧರಿಸಲು ಟ್ಯಾಗಿನೊಳಗೆ ವಾಯುಭಾರಮಾಪಕವಿರುತ್ತದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ; ಇಲ್ಲಿ ಗಾಳಿಯ ಒತ್ತಡ 1 ಹೆಕ್ಟೊಪ್ಯಾಸ್ಕಲ್ ಇಳಿಯಲು ಸುಮಾರು 9 ಮೀಟರ್ ಮೇಲೇರಬೇಕು. 3 ಮೀಟರಿನ ಒಂದು ಅಂತಸ್ತಿಗೆ ಸಿಗುವ ವ್ಯತ್ಯಾಸ ಆ ಒಂದರ ಮೂರನೆಯ ಭಾಗ ಮಾತ್ರ. ಆದರೆ ನಮ್ಮ ಉಷ್ಣವಲಯದಲ್ಲಿ ಬೆಳಗ್ಗೆ 10ರ ಸುಮಾರಿಗೆ ಏರಿದ್ದ ಒತ್ತಡ ಸಂಜೆ 4ರ ಸುಮಾರಿಗೆ ಕೆಲವು ಹೆಕ್ಟೊಪ್ಯಾಸ್ಕಲ್ ಇಳಿಯುವುದು ದಿನನಿತ್ಯದ ಮಾತು. ಆ ಇಳಿಕೆಯನ್ನು ಕಳೆಯದಿದ್ದರೆ ನೆಲದ ಮೇಲೆ ಇಟ್ಟಿಗೆ ಹೊರುತ್ತಿರುವವರನ್ನು ವ್ಯವಸ್ಥೆ ಮಧ್ಯಾಹ್ನದ ಹೊತ್ತಿಗೆ ಹಲವು ಅಂತಸ್ತು ಮೇಲೆ ತೋರಿಸುತ್ತದೆ, ಬೆಳಗ್ಗೆ ಮತ್ತೆ ಕೆಳಗಿಳಿಸುತ್ತದೆ. ದೋಷ ಗಡಿಯಾರದ ಮುಳ್ಳಿನ ಹಾಗೆ ದಿನಕ್ಕೆ ಸರಿಯಾಗಿ ತಿರುಗುತ್ತಿದ್ದರೆ ಇದೇ ಕಾರಣವೆಂದು ತಿಳಿಯಬೇಕು. ನೆಲಮಟ್ಟದಲ್ಲಿ ಒಂದು ಮಾಪಕವನ್ನು ಸ್ಥಿರವಾಗಿಟ್ಟು ಅದರ ಓದನ್ನು ಎಲ್ಲ ಟ್ಯಾಗುಗಳ ಓದಿನಿಂದ ಕಳೆಯುವುದು ಪರಿಹಾರ. ಆ ಸ್ಥಿರ ಮಾಪಕ ಇದೆಯೆಂದು ಕಾಗದದಲ್ಲಿ ಬರೆದಿದ್ದರೂ ಅದಕ್ಕೆ ವಿದ್ಯುತ್ತಿದೆಯೇ ಎಂದು ಹೋಗಿ ನೋಡಿ. ಮಾಪಕವಿಲ್ಲದೆ ರೇಡಿಯೊದಿಂದಲೇ ಎತ್ತರ ಲೆಕ್ಕಿಸುವ ವ್ಯವಸ್ಥೆಯಾದರೆ ಎಲ್ಲ ಆ್ಯಂಕರುಗಳನ್ನೂ ಒಂದೇ ಎತ್ತರಕ್ಕೆ ಕಟ್ಟಿರುವುದೇ ಅಂತಸ್ತು ತಪ್ಪಲು ಸಾಮಾನ್ಯ ಕಾರಣ.

ನಸುಕಿನಲ್ಲಿ ಆರುವ ಟ್ಯಾಗುಗಳು

ನಾನು ಅತಿ ಹೆಚ್ಚು ಕಾಲ ಹುಡುಕಿದ ದೋಷ ಇದು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಕಾಂಕ್ರೀಟನ್ನು ರಾತ್ರಿ ಹಾಕುವುದು ರೂಢಿ. ಒಂದು ಸೈಟಿನಲ್ಲಿ ರಾತ್ರಿ 9ಕ್ಕೆ ಟ್ಯಾಗು ತೊಟ್ಟು ಹೋದವರ ಚುಕ್ಕೆಗಳು 2 ಗಂಟೆಯ ನಂತರ ಒಂದೊಂದಾಗಿ ಮಾಯವಾಗುತ್ತಿದ್ದವು. ಹಗಲು ಪಾಳಿಯವರ ಟ್ಯಾಗುಗಳಿಗೆ ಏನೂ ಆಗುತ್ತಿರಲಿಲ್ಲ. ಕೆಲಸಗಾರರೇ ಟ್ಯಾಗನ್ನು ಆರಿಸಿ ಮಲಗುತ್ತಾರೆಂದು ಮೇಲ್ವಿಚಾರಕರು ನಂಬಿ, ಇಬ್ಬರನ್ನು ಬೈದೂ ಆಗಿತ್ತು. ಆ ಟ್ಯಾಗುಗಳಿಗೆ ಆರಿಸುವ ಗುಂಡಿಯೇ ಇಲ್ಲ. ಕಾಂಕ್ರೀಟ್ ಗುಂಪಿನ ಹಿರಿಯ ಮೇಸ್ತ್ರಿಯೊಬ್ಬರು ನನ್ನ ಕೈಗೆ ಟ್ಯಾಗು ಕೊಟ್ಟು, "ಸಾಹೇಬ್ರ, ನಸುಕಿನ್ಯಾಗ ಇದರ ಲೈಟೇ ಇರಂಗಿಲ್ಲ, ನೀವೇ ನೋಡ್ರಿ" ಎಂದರು.

ಹೊಸ ಟ್ಯಾಗುಗಳನ್ನು ತರಿಸಿದರೂ ಅದೇ ಪಾಡು. ಆಗ ಸರ್ವರಿನಲ್ಲಿದ್ದ ಬ್ಯಾಟರಿ ವೋಲ್ಟೇಜಿನ ದಾಖಲೆಯನ್ನು ತೆಗೆದೆ. ತುಂಬಿದ ಲಿಥಿಯಂ ಬ್ಯಾಟರಿ 4.2 ವೋಲ್ಟಿನ ಹತ್ತಿರ ಇರಬೇಕು. ಇವು ಬೆಳಗ್ಗೆ 11ರಿಂದ ಸಂಜೆಯವರೆಗೆ ಚಾರ್ಜರಿನ ಮೇಲೇ ಇದ್ದರೂ ಗೆರೆ ಮೇಲೇರದೆ ಮಲಗಿತ್ತು, ಸಂಜೆಯಾದ ಮೇಲೆ ಸ್ವಲ್ಪ ಏರಿ, ಅರ್ಧದಲ್ಲೇ ಪಾಳಿಗೆ ಹೊರಟುಹೋಗಿತ್ತು. ಮಧ್ಯಾಹ್ನ 3ಕ್ಕೆ ಚಾರ್ಜಿಂಗ್ ಶೆಡ್ಡಿಗೆ ಹೋದೆ. ತಗಡಿನ ಮಾಡು, ತಗಡಿನ ಗೋಡೆ, ಒಂದೇ ಕಿಟಕಿ. ಹಲಗೆಯ ಮೇಲೆ ಉಷ್ಣಮಾಪಕವಿಟ್ಟರೆ 48 ಡಿಗ್ರಿ. ಚಾರ್ಜರಿನ ದೀಪ ಉರಿಯುತ್ತಲೇ ಇತ್ತು, ಆದರೆ ಮೀಟರು ಹಾಕಿ ನೋಡಿದರೆ ಕರೆಂಟು ಹರಿಯುತ್ತಿರಲಿಲ್ಲ. ಸಾಮಾನ್ಯ ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು, ಅದಕ್ಕಾಗಿ ಟ್ಯಾಗಿನೊಳಗಿನ ಸುರಕ್ಷತಾ ಸರ್ಕ್ಯೂಟು ತಾನಾಗಿಯೇ ಕರೆಂಟನ್ನು ತಡೆಯುತ್ತಿತ್ತು. ಯಾವುದೂ ಕೆಟ್ಟಿರಲಿಲ್ಲ, ಬ್ಯಾಟರಿ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿತ್ತು. ಚಾರ್ಜರುಗಳನ್ನು ಕಟ್ಟಡದ ಕೆಳಅಂತಸ್ತಿನ, ಬಿಸಿಲು ಬೀಳದ ಕೋಣೆಯ ಫರ್ಸಿ ಕಲ್ಲಿನ ಕಟ್ಟೆಗೆ ಸಾಗಿಸಿ, ರಾತ್ರಿ ಪಾಳಿಯ ಟ್ಯಾಗುಗಳನ್ನು ಬೆಳಗ್ಗೆ 6ಕ್ಕೇ ಚಾರ್ಜಿಗೆ ಹಾಕುವ ಪದ್ಧತಿ ಮಾಡಿದೆವು. ಆ ರಾತ್ರಿಯೇ ಚುಕ್ಕೆಗಳು ಬೆಳಗಿನವರೆಗೆ ಉಳಿದವು. ಬೈಸಿಕೊಂಡ ಇಬ್ಬರ ಮುಂದೆಯೇ ಮೇಲ್ವಿಚಾರಕರು ಕಾರಣವನ್ನು ತಿಳಿಸಿದರು. ಅದೂ ದೋಷ ನಿವಾರಣೆಯ ಭಾಗವೇ ಎಂದು ನಾನು ಎಣಿಸುತ್ತೇನೆ.

ಆ್ಯಂಕರಿನ ವಿದ್ಯುತ್ತು, ಟ್ಯಾಗಿನ ಜಾಗ

ನೆಟ್‌ವರ್ಕ್ ಕೇಬಲಿನ ಮೂಲಕವೇ ವಿದ್ಯುತ್ ಪಡೆಯುವ ಆ್ಯಂಕರುಗಳಿಗೆ ನೆಟ್‌ವರ್ಕ್ ಸ್ವಿಚ್ಚಿನಿಂದ (ಕೇಬಲುಗಳನ್ನೆಲ್ಲ ಕೂಡಿಸುವ ಪೆಟ್ಟಿಗೆಯಿಂದ) 100 ಮೀಟರ್ ಮಿತಿ. ಆ ಮಿತಿ ದಾಟಿಸಲು ನಡುವೆ ಟೇಪು ಸುತ್ತಿ ಬೆಸೆದ ಜೋಡಣೆ ಮೊದಲ ಮಳೆಗೆ ಕೈಕೊಡುತ್ತದೆ. ಆ್ಯಂಕರು ಎಷ್ಟು ಹೊತ್ತಿನಿಂದ ನಿರಂತರ ನಡೆಯುತ್ತಿದೆ ಎಂಬ ಅಂಕಿಯನ್ನು ನೋಡಿ. ದಿನಕ್ಕೆ ಹತ್ತಾರು ಸಲ ಶೂನ್ಯದಿಂದ ಶುರುವಾಗುತ್ತಿದ್ದರೆ ಅದು ಆರಿ ಹೊತ್ತುತ್ತಿದೆ ಎಂದರ್ಥ. ಸಾಮಾನು ಏರಿಸುವ ಹಾಯ್ಸ್ಟ್ ಮೋಟರು ಶುರುವಾದ ಗಳಿಗೆಗಳ ಜೊತೆ ಅದು ಕೂಡಿ ಬಂದರೆ ಎರಡಕ್ಕೂ ಒಂದೇ ಜನರೇಟರಿನಿಂದ ವಿದ್ಯುತ್ ಹೋಗುತ್ತಿದೆ. ಆ್ಯಂಕರಿನ ಸ್ವಿಚ್ಚಿಗೆ ಪ್ರತ್ಯೇಕ ಯುಪಿಎಸ್ ಕೊಡಿ.

ಟ್ಯಾಗನ್ನು ಸೊಂಟಕ್ಕೆ ಕಟ್ಟಿದರೆ ದೇಹವೇ ಅಡ್ಡ ನಿಲ್ಲುತ್ತದೆ, ಏಕೆಂದರೆ ಮನುಷ್ಯದೇಹದ ನೀರು ಈ ಅಲೆಗಳನ್ನು ಹೀರುತ್ತದೆ. ಹೆಲ್ಮೆಟ್ಟಿನ ನೆತ್ತಿಯೇ ಸರಿಯಾದ ಜಾಗ. ಯಂತ್ರಗಳಲ್ಲಿ ಟ್ಯಾಗನ್ನು ಕ್ಯಾಬಿನ್ನಿನ ಲೋಹದ ಮೈಗೆ ನೇರವಾಗಿ ಅಂಟಿಸಿದರೆ ಆಂಟೆನಾದ ಶ್ರುತಿ ಕೆಡುತ್ತದೆ, ನಡುವೆ ಪ್ಲಾಸ್ಟಿಕ್ಕಿನ ದಿಂಡು ಕೊಟ್ಟು ಎತ್ತರಿಸಬೇಕು. ಎಕ್ಸ್‌ಕವೇಟರ್ ತನ್ನ ಸುತ್ತ ತಾನೇ ತಿರುಗುವುದರಿಂದ ಒಂದೇ ಟ್ಯಾಗು ಅದರ ತೋಳಿನ ಮರೆಗೆ ಹೋಗಿ ಎಚ್ಚರಿಕೆ ತಪ್ಪುತ್ತದೆ; ಕ್ಯಾಬಿನ್ನಿನ ಮೇಲೊಂದು, ಹಿಂಭಾಗದ ತೂಕದ ಮೇಲೊಂದು ಬೇಕೇಬೇಕು.

ಚುಕ್ಕೆ ಗಂಟೆಗಟ್ಟಲೆ ಕದಲದೆ ಒಂದೇ ಜಾಗದಲ್ಲಿದ್ದರೆ ಆ ಜಾಗಕ್ಕೆ ನಡೆದು ಹೋಗಿ ನೋಡಿ. ಯಾರೋ ಬಿದ್ದಿದ್ದಾರೆಯೇ ಎಂಬುದು ಮೊದಲ ಪ್ರಶ್ನೆ. ಅನೇಕ ಸಲ ಅಲ್ಲಿ ಮೊಳೆಗೆ ತೂಗುಹಾಕಿದ ಹೆಲ್ಮೆಟ್ ಇರುತ್ತದೆ. ಅದಕ್ಕೂ ಕಾರಣವನ್ನು ಹುಡುಕಬೇಕು: ಕೂತು ನೀರು ಕುಡಿದ ನಿಮಿಷಗಳನ್ನು ಟ್ಯಾಗಿನಿಂದ ಎಣಿಸಿ ಕೂಲಿ ಕಡಿದ ಸೈಟಿನಲ್ಲಿ ಹೆಲ್ಮೆಟ್ಟುಗಳು ಮೊಳೆಗೇ ಹೋಗುತ್ತವೆ, ಆ ದೋಷವನ್ನು ಯಾವ ಸರ್ಕ್ಯೂಟಿನಿಂದಲೂ ಸರಿಪಡಿಸಲಾಗದು. ಪ್ರಾಣ ಕಾಯಲು ತಂದ ಉಪಕರಣವನ್ನು ಹಾಜರಿ ಪುಸ್ತಕ ಮಾಡಬೇಡಿರೆಂದು ನಾನು ಪ್ರತಿ ಗುತ್ತಿಗೆದಾರರಿಗೂ ಮೊದಲೇ ಹೇಳುತ್ತೇನೆ.

ಹೊರಬಯಲಿನಲ್ಲಿ ಜಿಪಿಎಸ್ ಬಳಸುವ ಟಿಪ್ಪರುಗಳ ಚುಕ್ಕೆ ಎತ್ತರದ ಗೋಡೆಯ ಪಕ್ಕದಲ್ಲಿ ಕೆಲವು ಮೀಟರ್ ಆಚೀಚೆ ಹೋಗುವುದು ಸಹಜ, ಅದನ್ನು ದೋಷವೆಂದು ಅಟ್ಟಿಸಿಕೊಂಡು ಹೋಗಬೇಡಿ. ಬ್ಲೂಟೂತ್ ಬಲದಿಂದ ದೂರ ಅಂದಾಜಿಸುವ ಅಗ್ಗದ ಟ್ಯಾಗುಗಳದೂ ಅಷ್ಟೇ: ನಡುವೆ ಒಬ್ಬರು ನಿಂತರೂ ಅಂದಾಜು ಕೆಡುತ್ತದೆ. ಯಾವ ಅಂತಸ್ತಿನ ಯಾವ ಭಾಗ ಎಂದು ತಿಳಿಯಲು ಅವು ಸಾಕು, ಯಂತ್ರದ ಅಪಾಯದ ವಲಯಕ್ಕೆ ಅವನ್ನು ನಂಬಬಾರದು.

ದುರಸ್ತಿಯಾದ ಮೇಲೆ

ಸರಿಯಾಯಿತೆಂದು ಹೇಳುವ ಮುನ್ನ ನಿಂತ ಟ್ಯಾಗಿನ ಪರೀಕ್ಷೆಯನ್ನು ಅದೇ ಬಿಂದುವಿನಲ್ಲಿ, ದೋಷ ಕಂಡಿದ್ದ ಅದೇ ಹೊತ್ತಿನಲ್ಲಿ ಮತ್ತೆ ಮಾಡಬೇಕು. ಮಧ್ಯಾಹ್ನದ ದೋಷವನ್ನು ಬೆಳಗ್ಗೆ ಪರೀಕ್ಷಿಸಿ ಪ್ರಯೋಜನವಿಲ್ಲ. ಅನಂತರ ಎಕ್ಸ್‌ಕವೇಟರಿನ ಎಂಜಿನ್ ಆರಿಸಿ, ಕೀಲಿಯನ್ನು ನಿಮ್ಮ ಜೇಬಿನಲ್ಲಿಟ್ಟುಕೊಂಡು, ಎಚ್ಚರಿಕೆ ವ್ಯವಸ್ಥೆಗೆ ಮಾತ್ರ ವಿದ್ಯುತ್ ಇರಿಸಿ, ಟ್ಯಾಗು ತೊಟ್ಟು ನೀವೇ ಎಂಟು ದಿಕ್ಕುಗಳಿಂದ ಅದರ ಕಡೆಗೆ ನಡೆಯಿರಿ. ಪ್ರತಿ ದಿಕ್ಕಿನಲ್ಲಿ ಸೈರನ್ ಕೂಗಿದ ಜಾಗಕ್ಕೆ ಸುಣ್ಣದಿಂದ ಗೆರೆ ಹಾಕಿ, ಯಂತ್ರದಿಂದ ಆ ಗೆರೆಗೆ ಇರುವ ದೂರವನ್ನು ಟೇಪು ಹಿಡಿದು ಅಳೆಯಿರಿ. ಎಂಟರಲ್ಲಿ ಒಂದು ಗೆರೆ ನಿಗದಿತ ದೂರಕ್ಕಿಂತ ಒಳಗೆ ಬಿದ್ದರೂ ಕೀಲಿಯನ್ನು ಚಾಲಕರಿಗೆ ಮರಳಿಸಬೇಡಿ.